ಸೋದರಮಾವನ ಕಾರು

ನನ್ನ ಕಾರನ್ನು ಕುಳ್ಳ ಮಾಡಿದವರು ನನ್ನ ಗಂಡ. ಬೇರೆ ಯಾರಾದರೂ ಆಗಿದ್ದರೆ ಪೊಲೀಸ್ ಸ್ಟೇಷನ್ನಿಗೆ ಹೋಗಿ ಕಂಪ್ಲೇಂಟ್ ಬರೆದುಕೊಟ್ಟು ಬರುತ್ತಿದ್ದೆ. ಗಂಡ ಅಂದಮೇಲೆ ಏನು ಮಾಡುವುದು, ಕಾಫಿ ಕೊಟ್ಟು ಬೈಯಬೇಕು.

‘ನನ್ನ ಕಾರು’ ಅಂತ ಬಾಯಿ ಮಾತಿಗೆ ಹೇಳುತ್ತಿಲ್ಲ. ತುಮಕೂರಿನಲ್ಲಿ ಅಪ್ಪನ ಸೈಟು ಮಾರಿದಾಗ ಅಣ್ಣಂದಿರು ನನ್ನ ಪಾಲು ಅಂತ ಕೈಗಿಟ್ಟರಲ್ಲ, ಅದರಲ್ಲಿ ತೆಗೆದುಕೊಂಡದ್ದು. ‘ಎಫ್‌ಡಿ ಮಾಡು, ಎಫ್‌ಡಿ ಮಾಡು’ ಎಂದು ಇವರು ವಾರಗಟ್ಟಲೆ ತಲೆ ತಿಂದರು. ಕೇಳಲಿಲ್ಲ. ವಿಶಾಖಪಟ್ಟಣಕ್ಕೆ ಬಂದ ವರ್ಷವೇ ಸೆಕೆಂಡ್ ಹ್ಯಾಂಡ್ ಪುಟ್ಟ ಕಾರೊಂದನ್ನು ಕೊಂಡೆ. ಬೂದಿ ಬಣ್ಣದ್ದು, ಈಗ ಅದಕ್ಕೆ ಹದಿಮೂರು ವರ್ಷ, ಎಡಗಡೆ ಬಾಗಿಲಿಗೆ ಯಾರೋ ಕೀಲಿಯಿಂದ ಗೀಚಿದ ಗೀಟು ಬೇರೆ. ಆರ್‌ಸಿಯಲ್ಲಿ ಹೆಸರು ಹೈಮಾವತಿ. ಅಂದರೆ ನಾನು.

ಇವರು ಶ್ರೀಕಂಠ, ದ್ವಾರಕಾ ನಗರದ ಬ್ಯಾಂಕೊಂದರಲ್ಲಿ ಚೀಫ್ ಮ್ಯಾನೇಜರ್. ಇಪ್ಪತ್ತೆರಡು ವರ್ಷದಲ್ಲಿ ಆರು ಊರು ಸುತ್ತಿದ್ದೇವೆ. ಪ್ರತಿ ಊರಿನಲ್ಲೂ ನಾನು ಒಂದು ಕೆಲಸ ಹಿಡಿಯುವುದು, ಅದು ಕೈಗೆ ಹತ್ತುವ ಹೊತ್ತಿಗೆ ಇವರಿಗೆ ಟ್ರಾನ್ಸ್‌ಫರ್ ಆರ್ಡರ್ ಬರುವುದು. ನಾನು ಓದಿದ್ದು ಲ್ಯಾಬ್ ಟೆಕ್ನಿಷಿಯನ್ ಕೋರ್ಸು. ಇಲ್ಲಿ ಒಂದು ಲ್ಯಾಬಿಗೆ ಮನೆಮನೆಯಿಂದ ರಕ್ತದ ಸ್ಯಾಂಪಲ್ ತಂದುಕೊಡುತ್ತೇನೆ. ಬೆಳಿಗ್ಗೆ ಆರಕ್ಕೆ ಐಸ್ ಬಾಕ್ಸು, ಸೂಜಿ, ಟ್ಯೂಬು ಹಾಕಿಕೊಂಡು ಹೊರಟರೆ ಎಂವಿಪಿ ಕಾಲೊನಿ, ಲಾಸನ್ಸ್ ಬೇ, ಪೆದ್ದ ವಾಲ್ತೇರು ಎಲ್ಲ ಮುಗಿಸಿ ಒಂಬತ್ತೂವರೆಗೆ ಲ್ಯಾಬು. ಖಾಲಿ ಹೊಟ್ಟೆಯಲ್ಲಿ ಕಾದು ಕೂತ ಶುಗರ್ ಪೇಷಂಟುಗಳಿಗೆ ನಾನು ‘ಬ್ಲಡ್ ಮೇಡಂ’. ಮೂರು ವರ್ಷದಲ್ಲಿ ಅರವತ್ತು ಮನೆ ಆಗಿವೆ. ಎಲ್ಲ ಸಮುದ್ರದ ಕಡೆಯ ದಿಬ್ಬದ ಮನೆಗಳು. ಕಾರಿಲ್ಲದಿದ್ದರೆ ಅರವತ್ತರಲ್ಲಿ ಇಪ್ಪತ್ತು ಉಳಿದರೆ ದೊಡ್ಡದು. ನನಗೆ ಅಂತ ಈ ಊರಿನಲ್ಲಿ ಇರುವುದು ಈ ಕಾರು ಮತ್ತು ಈ ಸುತ್ತು, ಅಷ್ಟೆ.

ಒಂದು ಭಾನುವಾರ ಇವರು ಪೇಪರಿನಿಂದ ತಲೆ ಎತ್ತಿ, "ಹೈಮಾ, ನಿನ್ನ ಕಾರು ತೀರಾ ಹಳೇದಾಗಿ ಕಾಣ್ತಿದೆ ಕಣೇ. ಸ್ವಲ್ಪ ನೀಟ್ ಮಾಡಿಸ್ಲಾ?" ಅಂದರು.

ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ನನ್ನ ವಸ್ತು ಒಂದರ ಕಡೆ ಕಣ್ಣೆತ್ತಿ ನೋಡಿದ್ದು ಅದೇ ಮೊದಲು. ನನಗೂ ಒಂದು ನಿಮಿಷ ಮನಸ್ಸು ಕರಗಿತು, ಸುಳ್ಳೇಕೆ ಹೇಳಲಿ. "ಮಾಡಿಸ್ರೀ" ಅಂದೆ. ಮಧ್ಯಾಹ್ನಕ್ಕೆ ಶ್ಯಾವಿಗೆ ಪಾಯಸ ಬೇರೆ ಮಾಡಿದೆ. ಈಗ ನೆನೆಸಿಕೊಂಡರೆ ಆ ಗೋಡಂಬಿಗೂ ನನಗೆ ಹೊಟ್ಟೆ ಉರಿಯುತ್ತದೆ.

ಬ್ಯಾಂಕಿನವರು ಕಾರು ನೀಟ್ ಮಾಡಿಸುವ ರೀತಿಯೇ ಬೇರೆ. ಮೊದಲು ಒಂದು ಪ್ಲಾಸ್ಟಿಕ್ ಫೈಲು ಬಂತು. ಅದರ ಮೇಲೆ ಇವರ ಗುಂಡು ಅಕ್ಷರದಲ್ಲಿ ‘ವೆಹಿಕಲ್ ಅಪ್‌ಗ್ರೆಡೇಷನ್’. ಆಮೇಲೆ ಮೂರು ಕಡೆಯಿಂದ ಕೊಟೇಶನ್. ಮೊದಲನೆಯವನು ಹೊಸ ಸ್ಪ್ರಿಂಗ್ ಸೆಟ್ಟು, ಬಣ್ಣ ಎಲ್ಲ ಸೇರಿಸಿ ಬರೆದಿದ್ದ. ಎರಡನೆಯವನು ಅದಕ್ಕೂ ಮೇಲೆ. ಮೂರನೆಯವನು ದಿನೇಶ, ಬಳ್ಳಾರಿ ಕಡೆಯವನು, ಇಲ್ಲಿಯ ಹುಡುಗಿಯನ್ನು ಮದುವೆಯಾಗಿ ಇಲ್ಲೇ ಶೆಡ್ಡು ಹಾಕಿಕೊಂಡವನು. ಅವನದು ಎಲ್ಲರಿಗಿಂತ ಕಡಿಮೆ, ಮೇಲೆ ಕನ್ನಡ ಬೇರೆ. ಕಡಿಮೆ ಕೊಟೇಶನ್ನಿನವನಿಗೇ ಕೆಲಸ ಕೊಡಬೇಕು ಎನ್ನುವುದು ಇವರಿಗೆ ಗಾಯತ್ರಿ ಮಂತ್ರ. ಅಷ್ಟು ಕಡಿಮೆಗೆ ಅವನು ಹೇಗೆ ಮಾಡುತ್ತಾನೆ ಎಂದು ಕೇಳುವ ಕಾಲಮ್ಮು ಮಾತ್ರ ಆ ಫೈಲಿನಲ್ಲಿ ಇರಲಿಲ್ಲ.

ನಾಲ್ಕು ದಿನ ನಾನು ಆಟೋದಲ್ಲಿ ಓಡಾಡಿದೆ. ಐದನೆಯ ದಿನ ಕಾರು ಬಂತು. ಗೇಟಿನ ಹತ್ತಿರ ನಿಂತದ್ದನ್ನು ನೋಡಿ, ಯಾರೋ ಪಕ್ಕದ ಮನೆಯವರ ನೆಂಟರದು ಅಂದುಕೊಂಡೆ.

ದೇವರೇ, ಅದರ ಅವತಾರವೇ! ಟಾಪಿಗೆ ಕಪ್ಪು ಸ್ಟಿಕ್ಕರು. ಒಂದು ಮೂಲೆಯಲ್ಲಿ ಆಗಲೇ ಗುಳ್ಳೆ ಎದ್ದಿತ್ತು. ಹಿಂದುಗಡೆ ಡಿಕ್ಕಿಯ ಮೇಲೆ ಒಂದು ರೆಕ್ಕೆ, ಅದನ್ನು ಎರಡು ಕಡೆ ಅಂಟುವ ಟೇಪಿನಿಂದ ಅಂಟಿಸಿದ್ದರು. ಮುಂದಿನ ಬಂಪರಿನ ಕೆಳಗೆ ಕಪ್ಪು ರಬ್ಬರಿನ ತುಟಿ. ವೀಲ್ ಕ್ಯಾಪಿಗೆ ಕೆಂಪು ಬಣ್ಣ. ಸೈಲೆನ್ಸರಿನ ತುದಿಗೆ ಸ್ಟೀಲಿನದೊಂದು ಕೊಳವೆ, ಮನೆಯಲ್ಲಿ ಅಷ್ಟೇ ದಪ್ಪದ ಲೋಟ ಇದೆ. ಸ್ವಿಚ್ಚು ಹಾಕಿದರೆ ಕಾರಿನ ಹೊಟ್ಟೆಯ ಕೆಳಗೆ ನೀಲಿ ದೀಪ. ಎಡಗಡೆ ಬಾಗಿಲಿನ ಗೀಟು ಮಾತ್ರ ಹಾಗೇ ಇತ್ತು, ಅದು ಕೊಟೇಶನ್ನಿನಲ್ಲಿ ಇರಲಿಲ್ಲವಂತೆ. ಎಲ್ಲಕ್ಕಿಂತ ಹೆಚ್ಚಾಗಿ ಕಾರು ನೆಲಕ್ಕೆ ಕುಕ್ಕರಿಸಿಬಿಟ್ಟಿತ್ತು. ಟೈರಿಗೂ ಮೇಲಿನ ತಗಡಿಗೂ ನಡುವೆ ಎರಡು ಬೆರಳು ತೂರುತ್ತಿರಲಿಲ್ಲ.

"ಏನ್ರೀ ಇದು?"

"ಲೋಯರಿಂಗ್ ಅಂತಾರೆ. ಈಗಿನ ಟ್ರೆಂಡು. ಸ್ಪೋರ್ಟಿ ಲುಕ್ಕು."

"ನಾನು ರಕ್ತ ತೆಗೆಯೋಕೆ ಹೋಗೋಳು ಕಣ್ರೀ. ನನಗೆ ಯಾತಕ್ಕೆ ಸ್ಪೋರ್ಟಿ ಲುಕ್ಕು?"

"ಓಡ್ಸಿ ನೋಡು, ಅಭ್ಯಾಸ ಆಗುತ್ತೆ" ಅಂದು ಒಳಗೆ ಹೋದರು. ಆಫೀಸಿನಲ್ಲಿ ಕಸ್ಟಮರ್ ಕಂಪ್ಲೇಂಟಿಗೂ ಇವರು ಹೀಗೇ ಎದ್ದುಹೋಗುತ್ತಾರಂತೆ.

ಓಡಿಸಿ ನೋಡಿದೆ. ಚಕ್ರದ ಮೇಲಿನ ಸ್ಪ್ರಿಂಗನ್ನೇ ದಿನೇಶ ಕತ್ತರಿಸಿದ ಮೇಲೆ ಕಾರಿಗೆ ಮೆತ್ತಗೆ ಏಳುವುದು ಬೀಳುವುದು ಎಲ್ಲಿಂದ ಬರಬೇಕು? ರಸ್ತೆಯಲ್ಲಿ ಒಂದು ಬೀಡಿ ತುಂಡಿದ್ದರೂ ಬೆನ್ನಿಗೆ ಗೊತ್ತಾಗುತ್ತಿತ್ತು. ಹಂಪ್ ಬಂದರೆ ಹೊಟ್ಟೆ ಉಜ್ಜಿ ಕರ್ರ್ ಅನ್ನುತ್ತಿತ್ತು. ಲಾಸನ್ಸ್ ಬೇಯಲ್ಲಿ ದಿಬ್ಬದ ಕಾಂಪೌಂಡಿಗೆ ಹತ್ತಿಸಲು ಹೋಗಿ ರಬ್ಬರಿನ ತುಟಿ ಅರ್ಧ ಕಿತ್ತುಬಂತು. ಇದೆಲ್ಲ ಹೇಗೋ ಸಹಿಸಿಕೊಳ್ಳಬಹುದಿತ್ತು. ಬುಧವಾರ ಲ್ಯಾಬಿನಿಂದ ಫೋನು ಬಂತು. ಹದಿನಾಲ್ಕು ಸ್ಯಾಂಪಲಿನಲ್ಲಿ ಐದು ರಿಜೆಕ್ಟ್. ರಕ್ತದ ಟ್ಯೂಬು ದಾರಿಯುದ್ದಕ್ಕೂ ಹೀಗೆ ಕುಲುಕಿದರೆ ಒಳಗೆ ರಕ್ತಕಣ ಒಡೆದುಹೋಗುತ್ತದೆ. ಮೇಲೆ ತಿಳಿ ಹಳದಿಯಾಗಿ ನಿಲ್ಲಬೇಕಾದ ನೀರು ಕೆಂಪಾಗಿಬಿಡುತ್ತದೆ. ಪೊಟ್ಯಾಷಿಯಂ ರಿಪೋರ್ಟು ಎಲ್ಲೋ ಆಕಾಶದಲ್ಲಿ ಬರುತ್ತದೆ.

ಐದು ಮನೆಗೂ ಮತ್ತೆ ಹೋಗಿ ಮತ್ತೆ ಚುಚ್ಚಬೇಕಾಯಿತು. ಪೆದ್ದ ವಾಲ್ತೇರಿನ ಸೀತಾಮಹಾಲಕ್ಷ್ಮಿಯವರಿಗೆ ಎಪ್ಪತ್ತೆಂಟು ವರ್ಷ, ಕೈಯಲ್ಲಿ ನರ ಹುಡುಕುವುದೇ ಒಂದು ತಪಸ್ಸು. ಮೂರು ಕಡೆ ಚುಚ್ಚಿದ ಮೇಲೆ ಸಿಕ್ಕಿತು. ಆಕೆ ಅಳಲಿಲ್ಲ, "ಪರವಾಲೇದಮ್ಮಾ" ಅಂದರು, ಪರವಾಗಿಲ್ಲ ಅಂತ. ಅತ್ತದ್ದು ನಾನು, ಕೆಳಗೆ ಬಂದು ಕಾರಿನಲ್ಲಿ ಕೂತು. ಶುಕ್ರವಾರ ಮತ್ತೆ ನಾಲ್ಕು ರಿಜೆಕ್ಟ್. ಲ್ಯಾಬಿನ ಯಜಮಾನ ಅನಿರುದ್ಧ್ ಮೃದು ಮನುಷ್ಯ, ನೇರವಾಗಿ ಬೈಯುವವನಲ್ಲ. "ಮೇಡಂ ಗಾರು, ಇನ್ನೊಂದು ವಾರ ನೋಡೋಣ. ಆಮೇಲೆ ಆ ಏರಿಯಾ ಬೇರೆಯವರಿಗೆ ಕೊಡ್ತೀನಿ, ತಪ್ಪು ತಿಳ್ಕೋಬೇಡಿ" ಅಂದ. ಮೂರು ವರ್ಷದ ನನ್ನ ಅರವತ್ತು ಮನೆಗೆ ಒಂದು ವಾರದ ಗಡುವು.

ಅವತ್ತೇ ದಿನೇಶನ ಶೆಡ್ಡಿಗೆ ಹೋದೆ. "ನೋಡಪ್ಪ, ಇದನ್ನ ಮೊದಲು ಹೆಂಗಿತ್ತೋ ಹಂಗೆ ಮಾಡಿಕೊಡು" ಅಂದೆ.

"ಕತ್ತರ್ಸಿದ್ದು ಮತ್ತೆ ಕೂಡ್ಸಾಕ ಬರಂಗಿಲ್ರೀ ಅಕ್ಕಾ. ಗ್ರೈಂಡರ್‌ನಾಗ ಒಂದೂವರೆ ಸುತ್ತು ತೆಗ್ದೀನಿ. ಹೊಸಾ ಸ್ಪ್ರಿಂಗೇ ಹಾಕ್ಬೇಕು. ನಾನು ಸಾಹೇಬ್ರಿಗೆ ಹೇಳ್ದೆ, ದಿನಾ ಓಡ್ಸೋ ಗಾಡಿಗೆ ಇದು ಬ್ಯಾಡ್ರೀ ಅಂತ. ಅವ್ರು, ದಿನಾ ಓಡ್ಸೋದು ಇನ್ನೆರಡು ವಾರ ಅಷ್ಟೆ, ಆಮೇಲೆ ಇದು ಹುಡುಗಂಗೆ ಹೋಗೋ ಗಾಡಿ ಅಂದ್ರು."

"ಯಾವ ಹುಡುಗ?"

ಅವನು ಏನೂ ತಿಳಿಯದೆ ಬೆಂಚಿನ ಮೇಲಿಂದ ಒಂದು ಸ್ಟಿಕ್ಕರಿನ ಸುರುಳಿ ತೆಗೆದು ಬಿಡಿಸಿ ಹಿಡಿದ. ಹಿಂದಿನ ಗಾಜಿಗೆ ಅಂಟಿಸುವಂಥದ್ದು. ತೆಲುಗು ಅಕ್ಷರದಲ್ಲಿ ‘ಸಾಯಿತೇಜ’, ನಡುವೆ ಒಂದು ಕೆಂಪು ಹೃದಯ, ಆ ಕಡೆ ‘ಪ್ರತ್ಯೂಷಾ’. "ಇದು ಶನಿವಾರ ಹಚ್ಬೇಕಂತ್ರೀ. ಆ ಹುಡುಗ ದಿನಾ ವಾಯ್ಸ್ ಮೆಸೇಜ್ ಹಾಕ್ತಾನ್ರೀ, ಇನ್ನೂ ಇಳ್ಸು ಇನ್ನೂ ಇಳ್ಸು ಅಂತ. ನಿಮಗ ಗೊತ್ತಿಲ್ಲೇನ್ರೀ?"

ಸಾಯಿತೇಜ ಇವರ ತಂಗಿ ಲಕ್ಷ್ಮಿಯ ಮಗ. ವಿಜಯವಾಡದ ಒನ್ ಟೌನಿನಲ್ಲಿ ಅವನಪ್ಪ ಸೂರ್ಯಪ್ರಕಾಶರ ಸ್ಟೀಲ್ ಪಾತ್ರೆಯ ಹೋಲ್‌ಸೇಲ್ ಅಂಗಡಿ. ಮುಂದಿನ ಭಾನುವಾರ ಅವನಿಗೂ ಪ್ರತ್ಯೂಷಾ ಎಂಬ ಹುಡುಗಿಗೂ ನಿಶ್ಚಿತಾರ್ಥ. ಇಷ್ಟು ನನಗೆ ಗೊತ್ತಿತ್ತು. ನನ್ನ ಕಾರಿನ ಹಿಂದೆ ಅವರಿಬ್ಬರ ಹೃದಯ ಅಂಟುವುದು ಗೊತ್ತಿರಲಿಲ್ಲ.

ಮನೆಗೆ ಬಂದು ಚಪ್ಪಲಿ ಬಿಚ್ಚುವ ಮೊದಲೇ ಕೇಳಿದೆ. ಇವರು ಟಿವಿಯ ಸದ್ದು ಕಡಿಮೆ ಮಾಡಿ, ಗಂಟಲು ಸರಿಮಾಡಿಕೊಂಡರು.

"ಹೇಳೋಣ ಅಂತಿದ್ದೆ. ನಮ್ಮ ಕಡೆ ನಿಶ್ಚಿತಾರ್ಥಕ್ಕೆ ಸೋದರಮಾವ ವಾಹನ ಕೊಡೋ ಪದ್ಧತಿ ಅಲ್ವಾ..."

"ಯಾವ ಕಡೆ? ನಮ್ಮ ತಾತ ಮುತ್ತಾತಂದಿರಲ್ಲಿ ಯಾರು ಯಾರಿಗೆ ಎತ್ತಿನ ಗಾಡಿ ಕೊಟ್ಟಿದ್ರು?"

"ಲಕ್ಷ್ಮೀ ಹಂಗಂತ ಅವರ ಮನೇಲಿ ಹೇಳಿಬಿಟ್ಟಿದ್ದಾಳೆ ಕಣೇ. ಮದುವೆಯಾದ ಹೊಸದರಲ್ಲಿ. ಈಗ ಅವಳ ಗಂಡನ ಅಕ್ಕ ಕೇಳ್ತಿದ್ದಾರಂತೆ, ಎಲ್ಲಿ ನಿಮ್ಮ ಕರ್ನಾಟಕದ ಪದ್ಧತಿ ಅಂತ."

ಲಕ್ಷ್ಮಿಯ ಮೇಲೆ ನನಗೆ ಪೂರ್ತಿ ಸಿಟ್ಟು ಬರಲಿಲ್ಲ. ಇಪ್ಪತ್ತೈದು ವರ್ಷದ ಹಿಂದೆ ಭಾಷೆ ಬಾರದ ಮನೆಗೆ, ಬರಿಗೈಯಲ್ಲಿ ಹೋದ ಹುಡುಗಿ. ದೊಡ್ಡ ವ್ಯಾಪಾರಸ್ಥರ ನಡುವೆ ತಲೆ ಎತ್ತಿಕೊಂಡಿರಲು ‘ನಮ್ಮ ಕಡೆ ಹಾಗೆ, ನಮ್ಮ ಕಡೆ ಹೀಗೆ’ ಎಂದು ಒಂದಿಷ್ಟು ಬುರುಡೆ ಹೊಡೆದಿರುತ್ತಾಳೆ. ಯಾರು ಹೊಡೆಯುವುದಿಲ್ಲ? ಆದರೆ ಅವಳ ಬುರುಡೆಗೆ ನನ್ನ ಕಾರು ಯಾಕೆ ಹೋಗಬೇಕು?

"ನಿಮ್ಮ ತಂಗಿ ಮಗ. ನೀವು ಸೋದರಮಾವ. ನಿಮ್ಮ ಸಂಬಳದಲ್ಲಿ ಒಂದು ಬೈಕ್ ಕೊಡಿಸ್ರೀ, ಯಾರು ಬೇಡ ಅಂದ್ರು?"

"ಮನೇಲಿ ಗಾಡಿ ಇರೋವಾಗ ಹೊಸದು ಯಾಕೆ? ನೀನು ನಾಲ್ಕು ಮನೆ ರಕ್ತ ತೆಗೆಯೋಕೆ ಒಂದು ಸ್ಕೂಟಿ ಸಾಲದಾ?"

ನಾಲ್ಕು ಮನೆ! ನನ್ನ ಮೈ ಉರಿದುಹೋಯಿತು. "ನನ್ನ ಹೆಸರಲ್ಲಿರೋ ಕಾರು ನನ್ನ ಸೈನ್ ಇಲ್ಲದೆ ಅದ್ಹೆಂಗೆ ಕೊಡ್ತೀರೋ ನಾನೂ ನೋಡ್ತೀನಿ" ಅಂದೆ.

ಇವರು ಎದ್ದು ಆ ‘ವೆಹಿಕಲ್ ಅಪ್‌ಗ್ರೆಡೇಷನ್’ ಫೈಲು ತಂದು ಬಿಚ್ಚಿದರು. ಗಾಡಿ ವರ್ಗಾವಣೆಯ ಫಾರಂ. ಕೆಳಗೆ ನನ್ನದೇ ಸಹಿ, ಪಕ್ಕದಲ್ಲಿ ಪೆನ್ಸಿಲಿನ ಪುಟ್ಟ ಅಡ್ಡಗೀಟು.

ಬ್ಯಾಂಕಿನವರ ಹೆಂಡತಿಯರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಇವರು ಬೆಳಿಗ್ಗೆ ಷೂ ಹಾಕಿಕೊಳ್ಳುತ್ತಾ ಕಾಗದದ ಕಟ್ಟು ಮುಂದೆ ಹಿಡಿಯುತ್ತಾರೆ. ಎಲ್ಲೆಲ್ಲಿ ಸೈನ್ ಬೇಕೋ ಅಲ್ಲಲ್ಲಿ ಪೆನ್ಸಿಲಿನಿಂದ ಗುರುತು ಹಾಕಿರುತ್ತಾರೆ. ನಾವು ಒಗ್ಗರಣೆ ಸೀದುಹೋಗುತ್ತದೆಂದು ಗುರುತು ಸಿಕ್ಕಲ್ಲೆಲ್ಲ ಗೀಚಿ ಕೊಡುತ್ತೇವೆ. ಇಪ್ಪತ್ತೆರಡು ವರ್ಷದಲ್ಲಿ ನಾನು ಒಂದನ್ನೂ ಓದಿರಲಿಲ್ಲ. ಓದದ್ದು ನನ್ನ ತಪ್ಪು. ಆ ತಪ್ಪಿನ ಮೇಲೆ ಲೆಕ್ಕ ಹಾಕಿ ಗುರುತಿಟ್ಟದ್ದು ಯಾರ ತಪ್ಪು? ಅವತ್ತು ನನಗಾದದ್ದು ಸಿಟ್ಟಲ್ಲ, ಅವಮಾನ. ನಮ್ಮ ಅಡುಗೆಮನೆಯಲ್ಲೇ ನನಗೆ ಮೋಸವಾಗಿತ್ತು.

ಕಿತ್ತುಕೊಂಡು ಹರಿಯಲು ಹೋದೆ. ಇವರು ಫೈಲನ್ನು ಎದೆಗೆ ಅವಚಿಕೊಂಡು, "ಮಾತು ಕೊಟ್ಟಾಗಿದೆ ಹೈಮಾ. ಈಗ ಇಲ್ಲ ಅಂದ್ರೆ ಲಕ್ಷ್ಮಿಗೆ ಆ ಮನೇಲಿ ಮುಖ ಇರಲ್ಲ" ಅಂದರು. ಮತ್ತೆ ಟಿವಿಯ ಸದ್ದು ಜಾಸ್ತಿ ಮಾಡಿದರು. ಒಂದು ವಾರ ಜಗಳವಾಡಿದೆ, ಉಪವಾಸ ಬಿಟ್ಟು ಉಳಿದದ್ದೆಲ್ಲ ಮಾಡಿದೆ. ಗಳಿಸಿದ್ದೆಲ್ಲ ಬಾಡಿಗೆಗೆ ಕೊಟ್ಟು, ಐಸ್ ಬಾಕ್ಸನ್ನು ತೊಡೆಯ ಮೇಲಿಟ್ಟುಕೊಂಡು ಆಟೋದಲ್ಲಿ ಸುತ್ತಿ ಹೇಗೋ ಅನಿರುದ್ಧ್‌ನ ಗಡುವು ದಾಟಿಸಿದೆ. ನಾನು ಎಷ್ಟು ಕೂಗಿದರೂ ಇವರು ಆಫೀಸಿನ ಮೀಟಿಂಗಿನಲ್ಲಿ ಕೂತಂತೆ ತಲೆಯಾಡಿಸಿದರು. ಶನಿವಾರ ಹಿಂದಿನ ಗಾಜಿಗೆ ಹೃದಯ ಅಂಟಿತು.

ಭಾನುವಾರ ಬೆಳಗಿನ ಜಾವ ಹೊರಟೆವು. ನಾನೇ ಓಡಿಸುತ್ತೇನೆ ಅಂದೆ. ನನ್ನ ಕಾರು, ಕೊನೇ ಸಲ. ಇವರಿಗೂ ಇಲ್ಲ ಅನ್ನುವ ಧೈರ್ಯ ಇರಲಿಲ್ಲ. ವಿಜಯವಾಡ ಮುನ್ನೂರೈವತ್ತು ಕಿಲೋಮೀಟರು. ಹೈವೇಯಲ್ಲಿ ಹೇಗೋ ಹೋಯಿತು. ಟೀಗೆ, ಡೀಸೆಲ್ಲಿಗೆ ಅಂತ ಸರ್ವಿಸ್ ರಸ್ತೆಗೆ ಇಳಿದರೆ ಸಾಕು, ಹಂಪುಗಳು. ಇಬ್ಬರೂ ಕೂತಿದ್ದರೆ ಹೊಟ್ಟೆ ತಾಗುತ್ತಿತ್ತು. ಹೀಗಾಗಿ ಪ್ರತಿ ಹಂಪಿಗೂ ಇವರು ಇಳಿಯಬೇಕು. ರೇಷ್ಮೆ ಪಂಚೆ, ಜರಿ ಶಲ್ಯ, ಕೈಯಲ್ಲಿ ಫೈಲು. ಚೀಫ್ ಮ್ಯಾನೇಜರ್ ಸಾಹೇಬರು ಹಂಪು ದಾಟಿ ನಡೆದುಬರುತ್ತಿದ್ದರು, ನಾನು ಕಾರನ್ನು ಓರೆ ಮಾಡಿ ಇರುವೆಯ ಹಾಗೆ ಹತ್ತಿಸಿ ಇಳಿಸುತ್ತಿದ್ದೆ. ತುನಿಯಲ್ಲಿ ಒಬ್ಬ ಬಾಳೆಹಣ್ಣಿನವನು, "ಏಮಂಡೀ, ಅಮ್ಮಗಾರು ದಿಂಪೇಶಾರಾ?" ಅಂತ ಇವರನ್ನು ಕೇಳಿದ. ಹೆಂಡತಿ ಇಳಿಸಿಬಿಟ್ಟರೇ ಅಂತ. ಇವರು ಶಲ್ಯ ಕೊಡವಿಕೊಂಡು ಬಂದು ಕೂತರು. ಆ ವಾರವೆಲ್ಲ ನಾನು ನಕ್ಕದ್ದು ಅಲ್ಲೊಂದೇ ಕಡೆ.

ಒನ್ ಟೌನಿನ ಫಂಕ್ಷನ್ ಹಾಲಿನ ಮುಂದೆ, ಚರಂಡಿಯ ಮೇಲೆ ಹಾಸಿದ ಎತ್ತರದ ಕಲ್ಲುಚಪ್ಪಡಿಯ ಪಕ್ಕಕ್ಕೆ ನಿಲ್ಲಿಸಿದೆ. ಸಾಯಿತೇಜ ಓಡಿಬಂದ. ಇಪ್ಪತ್ತನಾಲ್ಕು ವರ್ಷದ ಹುಡುಗ, ಕೆಟ್ಟವನಲ್ಲ. ಕನ್ನಡ ಅರ್ಧ ಬರುತ್ತದೆ, ಉಳಿದರ್ಧಕ್ಕೆ ತೆಲುಗು ಸುರಿಯುತ್ತಾನೆ. "ಅತ್ತಾ, ಕಾರು ಎಂತ ಸೂಪರ್ ಆಯ್ತು ತೆಲುಸಾ! ಮಾಮಯ್ಯ ಕಿಂಗ್!" ಎಂದು ಬಾನೆಟ್ಟಿಗೆ ಮುತ್ತು ಕೊಟ್ಟ. ಅತ್ತೆಯ ಕಾರು ಎಂಬುದು ಅವನಿಗೆ ಗೊತ್ತೇ ಇರಲಿಲ್ಲ. ಯಾರಿಗೂ ಗೊತ್ತಿರಲಿಲ್ಲ.

ಸಂಜೆ ನಾಲ್ಕೂವರೆಗೆ ಉಂಗುರ ಹಾಕಿದ ಮೇಲೆ ಎಲ್ಲರನ್ನೂ ಹೊರಗೆ ಕರೆದರು. ಕಾರಿಗೆ ಚೆಂಡುಹೂವಿನ ಹಾರ, ನಾಲ್ಕು ಚಕ್ರದ ಕೆಳಗೂ ನಿಂಬೆಹಣ್ಣು. ಮುಂದೆ ಪ್ಲಾಸ್ಟಿಕ್ ಕುರ್ಚಿಯಲ್ಲಿ ದುರ್ಗಾಂಬ, ಸೂರ್ಯಪ್ರಕಾಶರ ಅಕ್ಕ. ಆಕೆ ಹ್ಞೂಂ ಅನ್ನದೆ ಆ ಮನೆಯಲ್ಲಿ ಹಾಲೂ ಉಕ್ಕುವುದಿಲ್ಲ. ಲಕ್ಷ್ಮೀ ಮೈಕು ಹಿಡಿದು, ಹುಡುಗಿಯ ಕಡೆಯವರಿಗೆಲ್ಲ ಕೇಳುವಂತೆ ತೆಲುಗಿನಲ್ಲಿ ಹೇಳಿದಳು: "ನಮ್ಮ ಕರ್ನಾಟಕದಲ್ಲಿ ಸೋದರಮಾವ ವಾಹನ ಕೊಡೋದು ತಲತಲಾಂತರದಿಂದ ಬಂದ ಪದ್ಧತಿ. ನಮ್ಮಣ್ಣ ತನ್ನ ಕಾರನ್ನೇ ಕೊಡ್ತಿದ್ದಾರೆ."

ಚಪ್ಪಾಳೆ. ಇವರು ಫೈಲನ್ನು ದುರ್ಗಾಂಬನ ಕೈಗಿಟ್ಟು, ಶಲ್ಯ ಸರಿಮಾಡಿಕೊಂಡು ಕೈಮುಗಿದರು. ‘ತನ್ನ ಕಾರು’ ಅಂದಾಗ ಈ ಮನುಷ್ಯನ ಕಣ್ಣುರೆಪ್ಪೆಯೂ ಅಲುಗಲಿಲ್ಲ. ಅಲ್ಲಿಯವರೆಗೆ ನನ್ನ ತಲೆಯಲ್ಲಿ ಯಾವ ಉಪಾಯವೂ ಇರಲಿಲ್ಲ. ದೇವರಾಣೆಗೂ ಇರಲಿಲ್ಲ. ಕೀಲಿ ಕೊಟ್ಟು, ರಾತ್ರಿ ಬಸ್ಸಿನಲ್ಲಿ ಅತ್ತುಕೊಂಡು ಹೋಗುವುದು ಅಂತಲೇ ಬಂದಿದ್ದೆ. ಆ ಚಪ್ಪಾಳೆ ಕೇಳಿದ ಮೇಲೆ ಕಾಲು ತಾನಾಗಿ ಮುಂದೆ ಹೋಯಿತು.

ಲಕ್ಷ್ಮಿಯ ಕೈಯಿಂದ ಮೈಕು ತೆಗೆದುಕೊಂಡೆ. ನಗುನಗುತ್ತಾ, ನನ್ನ ಬ್ಲಡ್ ಮೇಡಂ ತೆಲುಗಿನಲ್ಲಿ ಶುರುಮಾಡಿದೆ.

"ಲಕ್ಷ್ಮೀ ಅರ್ಧ ಪದ್ಧತಿ ಹೇಳಿದಳು. ಇನ್ನರ್ಧ ಮರೆತಿದ್ದಾಳೆ, ಪಾಪ, ಊರು ಬಿಟ್ಟು ಬಹಳ ದಿನ ಆಯ್ತಲ್ಲ. ನಮ್ಮ ಕಡೆ ಸೋದರಮಾವನ ವಾಹನಕ್ಕೆ ಮೊದಲು ಐದು ಜನ ಮುತ್ತೈದೆಯರು ಕೂರಬೇಕು. ವರ ಅವರನ್ನ ಬೀದಿ ತುದಿವರೆಗೆ ಕರ್ಕೊಂಡು ಹೋಗಿ ಬರಬೇಕು. ಆಮೇಲೇ ಗಾಡಿ ಅವನದು. ಹಾಗೆ ಮಾಡದಿದ್ದರೆ ವಾಹನ ಕೊಟ್ಟ ಹಾಗೇ ಅಲ್ಲ."

ಇವರ ಮುಖ ನೋಡಬೇಕಿತ್ತು. ಅಂಥ ಪದ್ಧತಿ ಇಲ್ಲ ಅಂತ ಇವರಿಗೆ ಗೊತ್ತು, ಲಕ್ಷ್ಮಿಗೂ ಗೊತ್ತು. ಆದರೆ ಇಬ್ಬರಲ್ಲಿ ಯಾರು ಬಾಯಿ ಬಿಟ್ಟರೂ, ಹಾಗಾದರೆ ಮೊದಲನೆಯದು ಎಲ್ಲಿಯದು ಎಂಬ ಮಾತು ಬರುತ್ತದೆ. ಅಣ್ಣ ತಂಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡು ನಿಂತರು.

ದುರ್ಗಾಂಬ ಖುಷಿಯಿಂದ ಎದ್ದರು. "ಮುತ್ತೈದುವಲಾ? ಪದಂಡಿ, ಪದಂಡಿ" ಎಂದು ಎಲ್ಲರನ್ನೂ ಹೊರಡಿಸಿ, ಫೈಲನ್ನು ಕುರ್ಚಿಯ ಮೇಲಿಟ್ಟು ತಾವೇ ಮುಂದಿನ ಸೀಟಿನಲ್ಲಿ ಕೂತರು. ಹಿಂದಕ್ಕೆ ಹುಡುಗಿಯ ತಾಯಿ, ಆಕೆಯ ಅಕ್ಕ, ದುರ್ಗಾಂಬನ ಇಬ್ಬರು ಸೊಸೆಯಂದಿರು, ಕಾಂಜೀವರಂ ಸೀರೆ, ಒಡವೆ ಸಮೇತ. ನಾನೇ ಒಬ್ಬೊಬ್ಬರ ಸೆರಗು ಒಳಗೆ ಹಾಕಿ ಬಾಗಿಲು ಮುಚ್ಚಿದೆ. "ಇನ್ನೂ ಸ್ವಲ್ಪ ಜರುಗಿ ಅಮ್ಮಾ, ಆರಾಮಾಗಿ ಕೂತ್ಕೊಳ್ಳಿ" ಅಂತ ಉಪಚಾರ ಬೇರೆ. ಒಬ್ಬೊಬ್ಬರು ಕೂತಾಗಲೂ ಕಾರು ಒಂದೊಂದು ಮೆಟ್ಟಿಲು ಇಳಿಯಿತು. ಸಾಯಿತೇಜ ಸ್ಟೀರಿಂಗಿನ ಹಿಂದೆ ಕೂತ ಮೇಲೆ ಟೈರುಗಳೇ ಕಾಣಲಿಲ್ಲ.

ಸ್ಟಾರ್ಟ್ ಮಾಡಿ ಕ್ಲಚ್ ಬಿಟ್ಟ. ನಿಂಬೆಹಣ್ಣು ಪಚಕ್ ಅಂದವು. ಕಾರು ಒಂದು ಮೊಳ ಹೋಗಿ ಕಿರ್ರ್ ಎಂದು ಕೂಗಿತು. ಹಿಂದಿನ ಟೈರು ತಗಡಿಗೆ ಉಜ್ಜಿ ರಬ್ಬರ್ ಸುಟ್ಟ ವಾಸನೆ ಎದ್ದಿತು. ಹುಡುಗ ಗಾಬರಿಯಿಂದ ಇನ್ನೂ ಜೋರಾಗಿ ಒತ್ತಿದ. ಫಟ್ ಎಂದು ಮುಂದಿನ ತುಟಿ ಉದುರಿ ಬಿತ್ತು, ಹಿಂದಿನ ರೆಕ್ಕೆ ಟೇಪಿನ ಸಮೇತ ಎದ್ದು ನಿಂತಿತು. ಎಂಜಿನ್ ಆಫ್ ಆಯಿತು. ಹಿಂದೆ ಕೂತವರು ರಸ್ತೆಯ ಕಡೆಯ ಬಾಗಿಲಿನಿಂದ ಕಿರುಚಿಕೊಂಡು ಒಬ್ಬರ ಮೇಲೊಬ್ಬರು ಬಿದ್ದು ಹೊರಗೆ ಬಂದರು. ದುರ್ಗಾಂಬನ ಬಾಗಿಲು ಮಾತ್ರ ತೆರೆಯಲಿಲ್ಲ. ಕಾರು ಅಷ್ಟು ತಗ್ಗಿ, ಬಾಗಿಲಿನ ಕೆಳಗಿನ ಅಂಚು ಕಲ್ಲುಚಪ್ಪಡಿಗೆ ಸಿಕ್ಕಿಕೊಂಡಿತ್ತು. ಆಕೆ ಗೇರ್ ಮೇಲಿಂದ, ಡ್ರೈವರ್ ಸೀಟಿನ ಮೇಲಿಂದ, ತಮ್ಮನ ಒಂದು ಕೈ, ಸಾಯಿತೇಜನ ಎರಡು ಕೈ ಹಿಡಿದುಕೊಂಡು ಹೊರಗೆ ಬರುವಷ್ಟರಲ್ಲಿ ಬೀದಿಯ ಅರ್ಧ ಅಂಗಡಿಯವರು ಬಂದು ನೆರೆದಿದ್ದರು. ಯಾರದೋ ಮೊಬೈಲು ವಿಡಿಯೊ ತೆಗೆಯುತ್ತಿತ್ತು.

ದುರ್ಗಾಂಬ ಸೀರೆ ಸರಿಮಾಡಿಕೊಂಡರು. ಬಗ್ಗಿ ಚಕ್ರದ ಮೇಲೆ ನೋಡಿದರು. ಪಾತ್ರೆ ವ್ಯಾಪಾರದ ಮನೆಯವರು, ತಗಡು ನೋಡಿದರೆ ಗೊತ್ತಾಗುತ್ತದೆ. "ವದ್ದು ಬಾಬೂ" ಅಂದರು, ಇವರಿಗೆ ಕೈಮುಗಿದು. "ಮುತ್ತೈದೆಯರನ್ನ ಹೊರಲಾರದ ಗಾಡಿ ನಮ್ಮ ಮನೆಗೆ ಬೇಡ. ತಗೊಂಡು ಹೋಗಿ." ಕೀಲಿಯನ್ನೂ ಕುರ್ಚಿಯ ಮೇಲಿದ್ದ ಫೈಲನ್ನೂ ತಂದು ಇವರ ಕೈಗಿಟ್ಟರು.

ಸಾಯಿತೇಜನ ಕಣ್ಣಲ್ಲಿ ನೀರು ನಿಂತದ್ದು ನೋಡಿ ನನಗೆ ಪಾಪ ಅನ್ನಿಸಿತು. ಅವನನ್ನು ನೋಯಿಸಬೇಕೆಂದು ನನಗಿರಲಿಲ್ಲ. ಲಕ್ಷ್ಮೀ ತಲೆ ತಗ್ಗಿಸಿ ಒಳಗೆ ಹೋದಳು, ಅದಕ್ಕೂ ಬೇಸರವಾಯಿತು. ಇವರ ಬಗ್ಗೆ ಮಾತ್ರ ಒಂದು ಚೂರೂ ಆಗಲಿಲ್ಲ. ಫೈಲು ಇವರ ಕೈಯಿಂದ ತೆಗೆದುಕೊಂಡು, ನನ್ನ ಸಹಿ ಇದ್ದ ಫಾರಮ್ಮನ್ನು ಅಲ್ಲೇ ನಾಲ್ಕು ಚೂರು ಮಾಡಿದೆ. ಈ ಸಲ ಯಾರೂ ಎದೆಗೆ ಅವಚಿಕೊಳ್ಳಲಿಲ್ಲ.

ಮರುದಿನ ಬೆಳಿಗ್ಗೆ ವಾಪಸ್ಸು ಹೊರಟೆವು. ಏಲೂರಿನಲ್ಲಿ ಟೀ ಅಂಗಡಿಯ ಮುಂದೆ ನಿಲ್ಲಿಸಿದಾಗ ಇವರು, "ನನ್ನ ಮರ್ಯಾದೆ ಕಳೆದೆ" ಅಂದರು.

"ನಿಮ್ಮ ಮರ್ಯಾದೆ ನನ್ನ ಕಾರಲ್ಲಿಟ್ಟಿದ್ದೀರಿ ಅಂತ ನನಗೆ ಯಾರು ಹೇಳಿದ್ರು?"

ಅಷ್ಟರಲ್ಲಿ ಲಕ್ಷ್ಮಿಯ ಫೋನು. ಇವರು ಸ್ಪೀಕರ್ ಹಾಕಿದರು. ಅತ್ತು ಅತ್ತು ಅವಳ ದನಿ ಕಟ್ಟಿತ್ತು. "ಅಣ್ಣಾ, ಹುಡುಗಿ ಕಡೆಯವರು ಕೇಳ್ತಿದ್ದಾರೆ, ಪದ್ಧತಿ ಅರ್ಧಕ್ಕೆ ನಿಂತ್ರೆ ಅಪಶಕುನ ಅಲ್ವಾ ಅಂತ. ನಮ್ಮ ದುರ್ಗಾಂಬ ಅತ್ತಿಗೆ ಹೇಳ್ತಾರೆ, ಮದುವೆಗೆ ಮೊದಲು ಹೊಸ ಕಾರು ತಂದು, ಐದು ಜನ ಮುತ್ತೈದೆಯರನ್ನ ಕೂರಿಸಿ ಸರಿಯಾಗಿ ಮಾಡ್ಬೇಕಂತೆ. ದೊಡ್ಡ ಕಾರೇ ಆಗ್ಬೇಕಂತೆ."

ಇವರು ಫೋನನ್ನು ಮ್ಯೂಟ್ ಮಾಡಿದರು. "ಹೈಮಾ, ಆ ಐದು ಮುತ್ತೈದೆ ಕಥೆ ಸುಳ್ಳು ಅಂತ ನೀನೇ ಹೇಳಿಬಿಡು, ಪ್ಲೀಸ್."

"ಹೇಳ್ತೀನಿ, ಕೊಡಿ. ಸೋದರಮಾವಂದೂ ಸುಳ್ಳು ಅಂತ ಜೊತೆಗೇ ಹೇಳ್ತೀನಿ. ಒಂದು ಹೇಳಿ ಒಂದು ಬಿಡೋಕೆ ನನಗೆ ಬರಲ್ಲ."

"ಅಣ್ಣಾ? ಇದ್ದೀಯಾ?" ಅನ್ನುತ್ತಿದ್ದಳು ಲಕ್ಷ್ಮೀ. ಇವರು ಫೋನು ನೋಡಿದರು, ನನ್ನನ್ನು ನೋಡಿದರು. ನಾನು ಟೀ ಊದಿಕೊಂಡು ಕುಡಿಯುತ್ತಿದ್ದೆ. ಕೊನೆಗೆ ಮ್ಯೂಟ್ ತೆಗೆದರು.

"ಲಕ್ಷ್ಮೀ, ನಮ್ಮಲ್ಲಿ ಆ ಎರಡು ಪದ್ಧತಿಯೂ ಇಲ್ಲಮ್ಮ. ನಿನಗೂ ಗೊತ್ತು. ಮತ್ತೆ... ಆ ಕಾರು ನಂದಲ್ಲ. ಹೈಮಾದು. ಅವಳನ್ನ ಕೇಳದೆ ಕೊಟ್ಟೆ."

ಇಪ್ಪತ್ತೆರಡು ವರ್ಷದಲ್ಲಿ ಈ ಮನುಷ್ಯ ಹೇಳಿದ ಮೊದಲ ನಿಜ ಅದು ಅಂತ ನಾನು ಹೇಳುವುದಿಲ್ಲ. ಕೈಯಲ್ಲಿ ಫೈಲು ಹಿಡಿಯದೆ ಹೇಳಿದ್ದು ಮಾತ್ರ ಅದೊಂದೇ.

ಆಮೇಲೆ ಲಕ್ಷ್ಮೀ ಕೇಳಿದಳು, ಅಳು ನಿಲ್ಲಿಸಿ, ತುಂಬ ಮೆಲ್ಲಗೆ: "ಹಂಗಾದ್ರೆ ನಿಂದು ಅಂತ ನನ್ನ ಮಗನಿಗೆ ಏನು ಕೊಡ್ಬೇಕು ಅಂದ್ಕೊಂಡಿದ್ದೆ ಅಣ್ಣಾ?"

ಇವರು ನನ್ನ ಮುಖ ನೋಡಿದರು. ನಾನು ಲೋಟ ಕೊಟ್ಟು ಬರಲು ಎದ್ದೆ.